ಬಿಚ್ಚಿ ಜೋಡಿಸುವ ಅಂಗಡಿ

ಮೊಳೆ ಹೊಡೆದು ಮರ ಜೋಡಿಸುವವನನ್ನು ನಾನು ಬಡಗಿ ಎಂದು ಕರೆಯುವುದಿಲ್ಲ. ಈ ಮಾತನ್ನು ಚನ್ನಗಿರಿಯಲ್ಲಿ ಎಷ್ಟು ಜನರ ಮುಖಕ್ಕೇ ಹೇಳಿದ್ದೇನೋ ನೆನಪಿಲ್ಲ. ಅದರಿಂದ ನನ್ನ ಗಿರಾಕಿಗಳೇನೂ ಹೆಚ್ಚಲಿಲ್ಲ. ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ಬಸ್ ಸ್ಟ್ಯಾಂಡಿನ ಹಿಂದೆ ನನ್ನದೊಂದು ಮರಗೆಲಸದ ಷೆಡ್ಡು ಇತ್ತು. ಬಾಗಿಲು, ಕಿಟಕಿ, ಅಡಿಕೆ ಮಂಡಿಯವರಿಗೆ ಪೆಟ್ಟಿಗೆ, ಮದುವೆ ಗೊತ್ತಾದವರಿಗೆ ಮಂಚ ಮಾಡಿಕೊಡುತ್ತಿದ್ದೆ. ಮಂಚಕ್ಕೆ ಎಲ್ಲರೂ ಅವಸರ ಮಾಡುತ್ತಿದ್ದರು, ಬಾಗಿಲಿಗೆ ಯಾರೂ ಅವಸರ ಮಾಡುತ್ತಿರಲಿಲ್ಲ.

ಹಾಗಿರುವಾಗ ಒಂದು ದಿನ ನನ್ನ ಅಕ್ಕ ಜಗಳೂರಿನ ಗಂಡನ ಮನೆಯಿಂದ ಒಂದು ಟ್ರಂಕು ಹಿಡಿದುಕೊಂಡು ಬಂದು ಬಸ್ಸಿಳಿದಳು. "ಇನ್ನು ಅಲ್ಲಿಗೆ ಹೋಗಲ್ಲ" ಎಂದಳು. ಭಾವ ಕುಡಿಯುತ್ತಿರಲಿಲ್ಲ, ಹೊಡೆಯುತ್ತಿರಲಿಲ್ಲ, ಇಸ್ಪೀಟು ಮುಟ್ಟಿದವರಲ್ಲ. ಕುರಿ ಇದ್ದವು, ಶೇಂಗಾ ಬೆಳೆಯುತ್ತಿತ್ತು, ಮನೆಗೆ ಹೆಂಚಿತ್ತು. ಅವರು ಅಕ್ಕನ ಜೊತೆ ಮಾತಾಡುತ್ತಿರಲಿಲ್ಲ, ಅಷ್ಟೇ. ಜಗಳವಾಗಿ ಮಾತು ಬಿಟ್ಟದ್ದಲ್ಲ, ಮದುವೆಯಾದಾಗಿನಿಂದ ಶುರುವೇ ಮಾಡಿರಲಿಲ್ಲ. ಕುರಿಗಳನ್ನು ಕೂಗಿ ಕರೆಯುವುದು ಕೇಳಿಸುತ್ತಿತ್ತಂತೆ, ಹಾಗಾಗಿ ಮೂಗರಲ್ಲ ಎಂಬುದು ಮಾತ್ರ ಖಾತ್ರಿಯಾಗಿತ್ತು. ಎಂಟು ವರ್ಷ ಅಕ್ಕ ಅದನ್ನು ತಡೆದುಕೊಂಡಿದ್ದಳು.

ನಮ್ಮ ತಂದೆ ಇರಲಿಲ್ಲವಾದ್ದರಿಂದ ತೀರ್ಮಾನ ಹೇಳಲು ಹೊನ್ನಾಳಿಯಿಂದ ದೊಡ್ಡವ್ವನ ಜೊತೆ ದೊಡ್ಡಪ್ಪ ಬಂದರು. ನಡುಮನೆಯಲ್ಲಿ ಕೂತು ಎಲ್ಲಾ ಕೇಳಿಸಿಕೊಂಡರು. ಕೊನೆಗೆ, "ಮಾತಾಡಲ್ಲ ಅನ್ನೋದೂ ಒಂದು ತಪ್ಪೇನಲೇ? ನಾನು ನಿಮ್ಮ ದೊಡ್ಡವ್ವನ ಹತ್ರ ಎಷ್ಟು ಮಾತಾಡ್ತೀನಿ?" ಎಂದರು. ದೊಡ್ಡವ್ವ ಪಕ್ಕದಲ್ಲೇ ಇದ್ದರು, ಏನೂ ಹೇಳಲಿಲ್ಲ.

ಅಕ್ಕ ಅಳಲಿಲ್ಲ, ರೇಗಲಿಲ್ಲ. "ನನಗೆ ಒಂದು ಅಂಗಡಿ ಹಾಕ್ಕೊಡ್ರಿ, ನನ್ನ ಅನ್ನ ನಾನು ದುಡ್ಕಂತೀನಿ" ಎಂದಳು. ದೊಡ್ಡಪ್ಪ ಮೀಸೆ ತಿರುವಿದರು. ಆಮೇಲೆ ನನ್ನ ಕಡೆ ತಿರುಗಿ, "ಆಯ್ತು, ಹಾಕ್ಕೊಡು. ಅಂಗಡಿ ಇರೋ ತನಕ ಇವಳು ಇಲ್ಲೇ ಇರ್ಲಿ, ಯಾರೂ ಕೇಳಲ್ಲ. ಅಂಗಡಿ ಹೋದ ದಿನ ಮಾತ್ರ ಸುಮ್ಮನೆ ಜಗಳೂರು ಬಸ್ ಹತ್ತಬೇಕು. ಏನಮ್ಮ?" ಎಂದರು. ಅಕ್ಕ "ಹ್ಞೂಂ" ಎಂದಳು. ದೊಡ್ಡಪ್ಪನ ಮಾತೆಂದರೆ ನಮ್ಮ ವಂಶದಲ್ಲಿ ಕೋರ್ಟಿನ ಮಾತು, ಅದರ ಮೇಲೆ ಅಪೀಲು ಇರಲಿಲ್ಲ.

ಬಸ್ ಸ್ಟ್ಯಾಂಡ್ ಎಂದರೆ ಆಗ ಬರೀ ಮಣ್ಣಿನ ಬಯಲು. ಅದರ ಅಂಚಿನಲ್ಲಿ ಒಂಬತ್ತು ಗೂಡಂಗಡಿಗಳಿದ್ದವು. ಒಂದರ ಮುಖ ಒಂದಕ್ಕೆ ಆಗದಂತೆ ನಿಂತಿದ್ದವು. ಆ ಜಾಗದ ಉಸ್ತುವಾರಿಗೆ ಮೈಸೂರು ಕಡೆಯಿಂದ ಹೊಸದಾಗಿ ವರ್ಗವಾಗಿ ಬಂದ ಸಾಹೇಬರಿಗೆ ಇದನ್ನು ನೋಡಿದರೆ ತಲೆನೋವು ಬರುತ್ತಿತ್ತಂತೆ. ಜಾಗ ಕೇಳಲು ಹೋದ ನನ್ನನ್ನು ಅವರು ಕೂರಿಸಿಕೊಂಡು ಷರತ್ತು ಹೇಳಿದರು. ಅಂಗಡಿ ಐದಡಿಗೆ ನಾಲ್ಕಡಿ ಮೀರಬಾರದು, ನೆಲದಲ್ಲಿ ಏನನ್ನೂ ಹೂಳಬಾರದು, ಹೇಳಿದ ದಿನ ಎತ್ತಬೇಕು. "ನೀವು ಒಂದು ಅಚ್ಚುಕಟ್ಟಾಗಿ ಮಾಡಿ ತೋರಿಸಿ. ಚೆನ್ನಾಗಿದ್ದರೆ ಉಳಿದ ಒಂಬತ್ತನ್ನೂ ಅದೇ ನಮೂನೇಲಿ ನಿಮ್ಮ ಕೈಲೇ ಮಾಡಿಸೋಣ" ಎಂದರು.

ಆ ಮಾತು ನನ್ನ ತಲೆಗೆ ಏರಿತು. ಅಂಗಡಿ ಅಕ್ಕನದು ಎಂಬುದು ಆ ಕ್ಷಣವೇ ಅರ್ಧ ಮರೆತುಹೋಯಿತು ಎಂದು ಈಗ ಒಪ್ಪಿಕೊಳ್ಳುತ್ತೇನೆ.

ಮೊದಲು ನಾಲ್ಕಾರು ಊರಿನ ಅಂಗಡಿಗಳನ್ನು ನೋಡಿ ಬರೋಣವೆಂದು ಒಂದು ನೋಟ್‌ಬುಕ್ಕು ಹಿಡಿದು ಹೊರಟೆ. ಹೊನ್ನಾಳಿಯಲ್ಲಿ ಹೊಳೆಯ ಸೇತುವೆ ಹತ್ತಿರ ಒಬ್ಬ ಚಕ್ರದ ಮೇಲೆ ಅಂಗಡಿ ಮಾಡಿಸಿಕೊಂಡಿದ್ದ. ಚಕ್ರಗಳು ಅರ್ಧ ಮಣ್ಣಿನಲ್ಲಿ ಹೂತಿದ್ದವು. "ಇದು ಉರುಳ್ತೈತೇನ್ರೀ?" ಎಂದು ಕೇಳಿದೆ. "ಉರುಳಬಾರ್ದು ಅಂತಾನೇ ಕಲ್ಲು ಕೊಟ್ಟೀನಿ" ಎಂದ. ಹಾಗಾದರೆ ಚಕ್ರ ಯಾಕೆ ಎಂದು ಕೇಳಿದ್ದಕ್ಕೆ ನನ್ನನ್ನು ತಿಕ್ಕಲನನ್ನು ನೋಡಿದ ಹಾಗೆ ನೋಡಿದ. ನ್ಯಾಮತಿ ಸಂತೆಯಲ್ಲಿ ಒಬ್ಬ ಬಳೆಗಾರ ಇಡೀ ಅಂಗಡಿಯನ್ನು ಮಡಚಿ ಸೈಕಲ್ಲಿಗೆ ಕಟ್ಟುತ್ತಿದ್ದ. ಅದು ನನಗೆ ಬಹಳ ಹಿಡಿಸಿತು, ಆದರೆ ಅದಕ್ಕೆ ಬೀಗ ಹಾಕಲು ಬರುತ್ತಿರಲಿಲ್ಲ. ಅಕ್ಕನ ಉಳಿದ ಸಾಮಾನು ತರಲು ಜಗಳೂರಿಗೆ ಹೋದಾಗ ಅಲ್ಲಿ ಒಂದು ತಗಡಿನ ಅಂಗಡಿ ನೋಡಿದೆ. ಅಂಗಡಿಯವನು ಎದುರಿನ ಬೇವಿನ ಮರದ ಕೆಳಗೆ ಗಿರಾಕಿಗಳ ಜೊತೆ ಕೂತಿದ್ದ. "ಬಿಸಿಲಿಗೆ ಒಳಗೆ ಕೂರಾಕೆ ಆಗಲ್ರೀ. ಯಾರಾದ್ರೂ ಕೇಳಿದ್ರೆ ಓಡಿಹೋಗಿ ತಂದ್ಕೊಡ್ತೀನಿ" ಎಂದ. ಆ ದಿನ ಭಾವನೂ ಮನೆಯಲ್ಲಿದ್ದರು. ಸಾಮಾನು ಕಟ್ಟುವಾಗ ಹಗ್ಗ ಹಿಡಿದುಕೊಂಡರು, ಮಾತಾಡಲಿಲ್ಲ.

ಊರಿಗೆ ಬಂದು ಕೆಲಸಕ್ಕೆ ಕೂತೆ. ಹೊಸ ಮರ ಕೊಳ್ಳುವುದಿಲ್ಲ ಎಂದು ಮೊದಲೇ ತೀರ್ಮಾನಿಸಿದ್ದೆ. ಹೊಸ ಮರ ಬಿಸಿಲಿಗೆ ಬಾಗುತ್ತದೆ, ಹಳೆಯದು ಬಾಗುವುದನ್ನೆಲ್ಲ ಬಾಗಿ ಮುಗಿಸಿರುತ್ತದೆ. ಉಬ್ರಾಣಿಯಲ್ಲಿ ಒಬ್ಬರು ಅಡಿಕೆ ಬೇಯಿಸುವ ಚಪ್ಪರ ಕೆಡವಿದ್ದರು, ಅದರ ಕಂಬ ತಂದೆ. ಮಂಡಿಯ ಮೂಲೆಯಲ್ಲಿ ಬಿದ್ದಿದ್ದ ಪೆಟ್ಟಿಗೆಗಳನ್ನು ಒಡೆದು ಹಲಗೆ ಮಾಡಿಕೊಂಡೆ. ರಸ್ತೆ ಕೆಲಸದವರು ಬಿಟ್ಟುಹೋದ ಡಾಂಬರು ಡ್ರಮ್ಮನ್ನು ಸೀಳಿ ತಟ್ಟಿ ಮಾಡಿಗೆ ತಗಡು ಮಾಡಿಕೊಂಡೆ. ಜಗಳೂರಿನ ಅಂಗಡಿಯವನು ನೆನಪಿದ್ದುದರಿಂದ ಆ ತಗಡಿನ ಕೆಳಗೆ ನಲ್ಲೂರಿನಿಂದ ತಂದ ಅಡಿಕೆ ಹಾಳೆಗಳನ್ನು ಎರಡು ಪದರ ಹೊಲಿದು ಕಟ್ಟಿದೆ. ಮಧ್ಯಾಹ್ನ ಒಳಗೆ ಕೂತರೆ ತಲೆ ಬಿಸಿಯಾಗುತ್ತಿರಲಿಲ್ಲ, ಇದನ್ನು ನಾನೇ ಕೂತು ಪರೀಕ್ಷಿಸಿದ್ದೇನೆ.

ನಾಲ್ಕು ಕಂಬ, ಕೆಳಗೆ ನಾಲ್ಕು ಅಡಿಪಟ್ಟಿ, ಮೇಲೆ ನಾಲ್ಕು ಪಟ್ಟಿ. ಎಲ್ಲದಕ್ಕೂ ಉದ್ದಕ್ಕೆ ತೋಡು ಕೊರೆದು ಹಲಗೆಗಳನ್ನು ಆ ತೋಡಿನಲ್ಲಿ ಜಾರಿಸಿ ನಿಲ್ಲಿಸುವುದು. ಹಳೆಯ ಜವಳಿ ಅಂಗಡಿಗಳ ಮುಂಬಾಗಿಲ ಹಲಗೆಗಳ ಹಾಗೆ ಒಂದೊಂದಕ್ಕೂ ನಂಬರು. ನಂಬರುಗಳನ್ನು ಕಾದ ಕಬ್ಬಿಣದಿಂದ ಸುಟ್ಟು ಬರೆದೆ. ಮೂಲೆಗಳಿಗೆ ಬೆಣೆ, ಬೆಣೆ ತಟ್ಟಿದರೆ ಬಿಗಿ, ಹಿಂದಿನಿಂದ ತಟ್ಟಿದರೆ ಸಡಿಲು. ಒಂದು ಹಲಗೆ ಹಾಳಾದರೆ ಒಂದನ್ನೇ ಬದಲಾಯಿಸಬಹುದು. ಇಡೀ ಅಂಗಡಿಯಲ್ಲಿ ಒಂದು ಮೊಳೆಯೂ ಇರಲಿಲ್ಲ. ಸಾಹೇಬರು ಬಂದು ಸುತ್ತ ತಿರುಗಿ ನೋಡಿ "ಶಹಬ್ಬಾಸ್" ಎಂದರು.

ತಪ್ಪು ಆದದ್ದು ಮುಂಭಾಗದ ಅಡಿಪಟ್ಟಿಯಲ್ಲಿ. ನೋಟ್‌ಬುಕ್ಕಿನಲ್ಲಿ ನಾನು ಅದನ್ನು ಅಡಿಪಟ್ಟಿ ಎಂದೇ ಬರೆದಿದ್ದೆ. ಆದರೆ ಬಾಗಿಲಿನ ಬುಡಕ್ಕೆ ಬರುವ ಮರವನ್ನು ಇಷ್ಟು ವರ್ಷ ಹೇಗೆ ಕೆತ್ತಿತ್ತೋ ಕೈ ಹಾಗೆಯೇ ಕೆತ್ತಿಬಿಟ್ಟಿತ್ತು. ಅಂಚು ದುಂಡಗೆ ಮಾಡಿ, ಎರಡೂ ತುದಿಗೆ ಒಂದೊಂದು ಕಮಲ ಬಿಡಿಸಿದ್ದೆ. ಅಂಗಡಿ ಜೋಡಿಸಿದ ದಿನ ಅವ್ವ ನೋಡಲು ಬಂದಳು.

"ಹೊಸ್ತಿಲು ಚಂದಾಗೈತೆ ಕಣೋ" ಎಂದಳು.

"ಅದು ಹೊಸ್ತಿಲಲ್ಲವ್ವ, ಹಲಗೆ ನಿಲ್ಲಿಸಾಕೆ ಒಂದು ಪಟ್ಟಿ" ಎಂದೆ.

"ಹ್ಞೂಂ, ಹ್ಞೂಂ" ಎಂದು ಮನೆಗೆ ಹೋಗಿ ಅರಿಶಿನ, ಕುಂಕುಮ, ಹೂವು, ತೆಂಗಿನಕಾಯಿ ತಂದಳು. ಕಾಯಿ ಒಡೆದದ್ದೂ ಆಯಿತು, ಮಂಗಳಾರತಿ ಎತ್ತಿದ್ದೂ ಆಯಿತು. ಅಕ್ಕ ಬಲಗಾಲಿಟ್ಟು ಒಳಗೆ ಹೋದಳು. ಆ ಮೇಲೆ ದಿನಾ ಬೆಳಿಗ್ಗೆ ಅದನ್ನು ತೊಳೆದು, ಅರಿಶಿನ ಬಳಿದು, ಎರಡೆಳೆ ರಂಗೋಲಿ ಎಳೆದ ಮೇಲೇ ಅವಳು ಹಲಗೆ ತೆಗೆಯುತ್ತಿದ್ದದ್ದು. ನನಗೆ ಸಿಟ್ಟು ಬರುತ್ತಿತ್ತು, ಏಕೆಂದರೆ ತೋಡಿನೊಳಗೆ ನೀರು ಇಳಿಯುತ್ತಿತ್ತು.

ವ್ಯಾಪಾರ ಚೆನ್ನಾಗಿಯೇ ಆಯಿತು. ಎಲೆ, ಅಡಿಕೆ, ಬೀಡಿ, ಬಾಳೆಹಣ್ಣು, ಶುಂಠಿ ಪೆಪ್ಪರಮೆಂಟು. ಅಕ್ಕ ಮಾತು ಕಲಿತಳು. ಕಂಡಕ್ಟರುಗಳ ಜೊತೆ, ಹಮಾಲರ ಜೊತೆ, ಬಸ್ಸು ತಪ್ಪಿಸಿಕೊಂಡವರ ಜೊತೆ ಬೆಳಗಿಂದ ಸಂಜೆ ತನಕ ಮಾತು. ಎಂಟು ವರ್ಷದ ಬಾಕಿಯನ್ನೆಲ್ಲ ತೀರಿಸುತ್ತಿದ್ದಾಳೆ ಎಂದು ಅವ್ವ ನಗುತ್ತಿದ್ದಳು. ನಾನು ದಾರಿಯಲ್ಲಿ ಹೋಗುವವರನ್ನು ನಿಲ್ಲಿಸಿ ಬೆಣೆ ತೋರಿಸುತ್ತಿದ್ದೆ.

ಮಾರನೇ ಬೇಸಿಗೆಯಲ್ಲಿ ಬಯಲನ್ನು ಮಟ್ಟ ಮಾಡಿ ಗರಸು ಹಾಕಬೇಕೆಂದು ತೀರ್ಮಾನವಾಯಿತು. ಸಾಹೇಬರು ಹತ್ತೂ ಅಂಗಡಿಯವರಿಗೆ ಚೀಟಿ ಕೊಟ್ಟರು. ಒಂದು ವಾರದೊಳಗೆ ತೆಗೆಯಬೇಕು, ಕೆಲಸ ಮುಗಿದ ಮೇಲೆ ಅದೇ ಜಾಗಕ್ಕೆ ಬರಬಹುದು. ನಾನು ಬೀಗಿದೆ. ಇಂಥ ದಿನಕ್ಕಾಗಿಯೇ ಅಲ್ಲವೇ ನಾನು ತಲೆ ಕೆಡಿಸಿಕೊಂಡದ್ದು? ಸಂಜೆ ಅಕ್ಕನ ಹತ್ತಿರ ಹೋಗಿ, "ನಾಳೆ ಬೆಳಿಗ್ಗೆ ಬಿಚ್ಚಿ ಹೋಟ್ಲು ಪಕ್ಕಕ್ಕೆ ಜೋಡ್ಸಾನ. ಅರ್ಧ ಗಂಟೆ ಕೆಲಸ" ಎಂದೆ.

"ಹಲಗಿ ಬಿಚ್ಚು, ಮಾಡು ಇಳಿಸು. ಹೊಸ್ತಿಲು ಮಾತ್ರ ಎತ್ತಾಕೆ ನಾನು ಬಿಡಲ್ಲ" ಎಂದಳು ಅಕ್ಕ.

"ಅದಿಲ್ಲದೆ ಹಲಗೆ ಎಲ್ಲಿ ನಿಲ್ಲಿಸಲಿ, ನಿನ್ನ ತಲೆ ಮೇಲೆ?"

"ಪೂಜೆ ಆಗಿರೋ ಹೊಸ್ತಿಲು ಯಾರಾದ್ರೂ ಕೀಳ್ತಾರೇನೋ? ಒಂದು ಮನೆ ಹೊಸ್ತಿಲು ದಾಟಿ ಬಂದವಳು ನಾನು. ಇದನ್ನೂ ಕಿತ್ತಂದ್ರೆ ಎಲ್ಲಿ ನಿಲ್ಲಾಕೆ ಹೋಗ್ಲಿ?"

ನಾನು ಕೂಗಾಡಿದೆ. ಅವ್ವ ಅಕ್ಕನ ಪರ ನಿಂತಳು. ವಾರವಿಡೀ ಮನೆಯಲ್ಲಿ ಇದೇ ರಾಮಾಯಣ. ಉಳಿದ ಒಂಬತ್ತು ಅಂಗಡಿಯವರು ಚೀಟಿಯನ್ನು ಎಲ್ಲಿ ಸಿಕ್ಕಿಸಿದರೋ, ಅವರ ಅಂಗಡಿಗಳೂ ಅಲ್ಲಾಡಲಿಲ್ಲ. ನೋಡೋಣ ಎಂದು ನಾನೂ ಬಾಯಿ ಮುಚ್ಚಿಕೊಂಡೆ.

ಎಂಟನೆಯ ದಿನ ಬೆಳಿಗ್ಗೆ ಸಾಹೇಬರು ಒಂದು ಟ್ರ್ಯಾಕ್ಟರು, ಆರು ಜನ ಹಮಾಲರು, ಅವರ ಮೇಸ್ತ್ರಿಯ ಜೊತೆ ಬಂದರು. ಅಕ್ಕ ಬಾಳೆಹಣ್ಣು ತರಲು ನಲ್ಲೂರಿಗೆ ಹೋಗಿದ್ದಳು. ಮೊದಲನೇ ಅಂಗಡಿಗೆ ಹಗ್ಗ ಕಟ್ಟಿ ಎಳೆದರು, ಹಗ್ಗ ಹರಿಯಿತು. ಎರಡನೆಯದರ ಕಾಲಿಗೆ ಸಿಮೆಂಟು ಹಾಕಿದ್ದರು. ಮೂರನೆಯದರೊಳಗೆ ಅಂಗಡಿಯವರ ಮಾವ ಮಲಗಿದ್ದರು, ಏಳಲಿಲ್ಲ. ನಾಲ್ಕನೆಯದನ್ನು ಆರೂ ಜನ ಎತ್ತಲು ಹೋಗಿ ಒಬ್ಬನ ಸೊಂಟ ಹಿಡಿದುಕೊಂಡಿತು. ಸಾಹೇಬರು ಬೆವರು ಒರೆಸಿಕೊಂಡು ಹತ್ತನೆಯದರ ಕಡೆ ನೋಡಿದರು. ಅದು ಅಕ್ಕನದು.

ನಾನು ಷೆಡ್ಡಿನಿಂದ ಹೋಗಿ ನಿಂತಿದ್ದೆ. ತಡೆಯಬೇಕೆಂದೇ ಹೋದದ್ದು, ಆಣೆ ಮಾಡಿ ಹೇಳುತ್ತೇನೆ. ಆದರೆ ಆ ಮೇಸ್ತ್ರಿ ಸಲಾಕಿ ತೆಗೆದು ಮೂಲೆಗೆ ಹಾಕಿ ಮೀಟಲು ಶುರು ಮಾಡಿದ. ಮೊಳೆ ಇರುವ ಅಂಗಡಿ ಎಂದುಕೊಂಡಿದ್ದ ಆ ಪುಣ್ಯಾತ್ಮ. ನನ್ನ ಮೈ ಉರಿದುಹೋಯಿತು.

"ಏಯ್, ಸಲಾಕಿ ತೆಗಿಯಪ್ಪ! ಮೊದಲು ಆ ಎಡಗಡೆ ಬೆಣೆ ತಟ್ಟು, ಹಿಂದಿನಿಂದ. ಹ್ಞಾಂ. ಈಗ ಮೇಲಿನ ಪಟ್ಟಿ ಎತ್ತು. ಒಂದನೇ ನಂಬರ್ ಹಲಗಿಂದ ಶುರು ಮಾಡು" ಎಂದೆ.

ಹಲಗೆಗಳು ಒಂದೊಂದಾಗಿ ಮೇಲಕ್ಕೆ ಜಾರಿ ಬಂದವು. ಹಮಾಲರು ನಗತೊಡಗಿದರು. "ಯಾರ್ರೀ ಮಾಡಿದ್ದು ಇದನ್ನ? ಭಾಳ ತಲಿ ಐತೆ" ಎಂದ ಮೇಸ್ತ್ರಿ. "ನಾನೇ" ಎಂದೆ. ನಂಬರಿನ ಪ್ರಕಾರ ಜೋಡಿಸಿ ಟ್ರಾಲಿಗೆ ಹಾಕಿಸಿದೆ, ಹಿಂದುಮುಂದಾದರೆ ಮತ್ತೆ ಜೋಡಿಸುವಾಗ ಕಷ್ಟ. ಬೀಡಿ ಕಟ್ಟು, ಡಬ್ಬಗಳನ್ನು ಪಕ್ಕದ ಅಂಗಡಿಯಲ್ಲಿಟ್ಟೆವು. ಕಾಲು ಗಂಟೆಯೊಳಗೆ ನನ್ನ ಅಕ್ಕನ ಅಂಗಡಿ ಇರಲಿಲ್ಲ. ಬಿಚ್ಚಿದವನು ನಾನೇ ಎಂಬುದು ಟ್ರಾಲಿ ತುಂಬಿದ ಮೇಲೆ ನನಗೆ ಹೊಳೆಯಿತು.

ಉಳಿದದ್ದು ಮುಂಭಾಗದ ಅಡಿಪಟ್ಟಿ ಒಂದೇ. ಮೇಸ್ತ್ರಿ ಬಗ್ಗಿ ಕೈ ಹಾಕಿದವನು ಅರಿಶಿನ, ಕುಂಕುಮ, ಅವತ್ತಿನ ಹೂವು ನೋಡಿ ಕೈ ಹಿಂದೆ ತೆಗೆದ.

"ಇದನ್ನ ನಾವು ಎತ್ತಲ್ಲ ಸಾಮಿ. ಹೆಣ್ಣುಮಗಳ ಹೊಸ್ತಿಲು ಐತೆ."

"ಅದೂ ಒಂದು ಮರದ ತುಂಡು ಕಣಯ್ಯ" ಎಂದರು ಸಾಹೇಬರು.

"ಹೌದ್ರೀ, ನೀವೇ ಎತ್ರಿ."

ಸಾಹೇಬರು ಅದನ್ನು ನೋಡಿದರು, ವಾಚು ನೋಡಿದರು, ಸುತ್ತ ಸೇರಿದ್ದ ಜನರನ್ನು ನೋಡಿದರು. "ಇರಲಿ ಬಿಡಿ" ಎಂದು ಟ್ರ್ಯಾಕ್ಟರು ಹತ್ತಿದರು. ಹಲಗೆಗಳನ್ನು ಒಂದು ಗೋದಾಮಿನಲ್ಲಿಟ್ಟು ಬೀಗ ಹಾಕಿ ಅವತ್ತೇ ಸಂಜೆ ಮಗಳ ಮದುವೆಗೆಂದು ರಜೆಯ ಮೇಲೆ ಊರಿಗೆ ಹೋದರು. ಬೀಗದ ಕೈಯೂ ಅವರ ಜೊತೆಗೇ ಮದುವೆಗೆ ಹೋಯಿತು.

ಅಕ್ಕ ತಲೆಯ ಮೇಲೆ ಹಣ್ಣಿನ ಬುಟ್ಟಿ ಹೊತ್ತು ಬಂದಳು. ಒಂಬತ್ತು ಅಂಗಡಿಗಳು ನಿಂತಿದ್ದವು. ಅವಳದಿರಲಿಲ್ಲ. ಬುಟ್ಟಿ ಇಳಿಸಿ, "ಯಾರು ಬಿಚ್ಚಿದ್ದು?" ಎಂದಳು. ಪಕ್ಕದ ಅಂಗಡಿಯವನು, "ನಿಮ್ಮ ತಮ್ಮಾರೇ ನಿಂತು ಬಿಚ್ಚಿಸಿದ್ರು ಅಕ್ಕಾರೆ. ಭಾಳ ಚಂದ ಬಿಚ್ಚಿಸಿದ್ರು" ಎಂದ.

"ನಿನ್ನ ಬುದ್ಧಿಗಿಷ್ಟು ಬೆಂಕಿ ಹಾಕ!" ಎಂದಳು ನನ್ನ ಕಡೆ ತಿರುಗಿ. ಅಷ್ಟೇ ಅಂದದ್ದು. ಇನ್ನೂ ನಾಲ್ಕು ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಅಂಗಡಿ ಹೋದ ದಿನ ಜಗಳೂರು ಬಸ್ಸು ಎಂದು ದೊಡ್ಡಪ್ಪ ಹೇಳಿದ್ದು ನನಗೂ ನೆನಪಿತ್ತು, ಅವಳಿಗೂ ನೆನಪಿತ್ತು. ಹೊನ್ನಾಳಿಗೆ ಹೋಗುವ ಬಸ್ಸು ಅಲ್ಲೇ ನಿಂತಿತ್ತು, ಸುದ್ದಿ ಅದರಲ್ಲೇ ಹೊರಟಿತು.

ಮಾರನೇ ದಿನ ಬೆಳಿಗ್ಗೆ ಅಕ್ಕ ಎಂದಿನ ಹೊತ್ತಿಗೇ ಹೋಗಿ, ಬಯಲಿನಲ್ಲಿ ಒಂಟಿಯಾಗಿ ಬಿದ್ದಿದ್ದ ಹೊಸ್ತಿಲನ್ನು ತೊಳೆದು, ಅರಿಶಿನ ಬಳಿದು, ರಂಗೋಲಿ ಹಾಕಿದಳು. ಅದರ ಹಿಂದೆ ಒಂದು ಗೋಣಿಚೀಲ ಹಾಸಿ, ಹಣ್ಣು, ಎಲೆ, ಬೀಡಿ ಹರವಿಕೊಂಡು ಕೂತಳು. ಗೋಡೆ ಇಲ್ಲ, ಮಾಡು ಇಲ್ಲ. ಗಿರಾಕಿಗಳು ಬಂದರು. ಆ ಕಡೆ ಈ ಕಡೆ ಬೇಕಾದಷ್ಟು ಜಾಗವಿದ್ದರೂ ಎಲ್ಲರೂ ಹೊಸ್ತಿಲಿನ ಎದುರಿಗೇ ಬಂದು, ಆಚೆ ಬದಿ ನಿಂತು ಕೇಳಿ, ಕೊಂಡುಹೋದರು. ಗರಸು ಹಾಕುವವರೂ ಬಂದು, ನಿಂತಿದ್ದ ಅಂಗಡಿಗಳನ್ನು ಸುತ್ತುಹಾಕಿ ಕೆಲಸ ಮಾಡಿದರು. ಹೊಸ್ತಿಲು ಎತ್ತದೆ ಅದರ ಎರಡೂ ಪಕ್ಕಕ್ಕೆ ಗರಸು ತುಂಬಿ ದಿಮ್ಮಿಸಿ ಹೋದರು. ಹೀಗಾಗಿ ಹೂಳಬಾರದೆಂದು ಷರತ್ತು ಹಾಕಿದ್ದ ಜಾಗದಲ್ಲಿ ಅದು ಸೊಗಸಾಗಿ ಹೂತುಕೊಂಡಿತು.

ನಾಲ್ಕನೆಯ ದಿನ ಮಧ್ಯಾಹ್ನ ದೊಡ್ಡಪ್ಪ ಬಸ್ಸಿಳಿದರು. ಅವರ ಹಿಂದೆ ಭಾವ. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಖಾಲಿ ಚೀಲ. ಟ್ರಂಕು ಹೊರಲು ಬಂದವರ ಹಾಗಿದ್ದರು. ನಾನು ಓಡಿದೆ. ದೊಡ್ಡಪ್ಪ ನನ್ನ ಕಡೆ ನೋಡದೆ, "ಅಂಗಡಿ ಎಲ್ಲೈತಲೇ?" ಎಂದರು. ನಾನು ಗೋದಾಮು, ಬೀಗ, ಸಾಹೇಬರ ಮಗಳ ಮದುವೆ ಎಂದು ಏನೇನೋ ತೊದಲಿದೆ. "ಅದೆಲ್ಲ ಬ್ಯಾಡ. ಐತೋ ಇಲ್ಲೋ?" ಎಂದರು. ನಾನು ಅಕ್ಕ ಕೂತಿದ್ದ ಕಡೆ ಕೈ ತೋರಿಸಿದೆ.

ಅಕ್ಕ ಕೂತಲ್ಲಿಂದ ಏಳಲಿಲ್ಲ. ಇಬ್ಬರೂ ಅವಳ ಹತ್ತಿರ ನಡೆದರು. ಹೊಸ್ತಿಲಿನ ಆಚೆ ದೊಡ್ಡಪ್ಪ ನಿಂತರು, ಭಾವನೂ ನಿಂತರು. ಸುತ್ತ ಬಯಲು, ಯಾವ ಕಡೆಯಿಂದ ಬೇಕಾದರೂ ಒಳಗೆ ಬಂದು ಅವಳ ಕೈ ಹಿಡಿದು ಏಳಿಸಬಹುದಾಗಿತ್ತು. ಯಾರೂ ಕಾಲು ಮುಂದಿಡಲಿಲ್ಲ.

ದೊಡ್ಡಪ್ಪ ಬಾಯಿ ತೆರೆಯುವ ಮೊದಲೇ ಅಕ್ಕ ಭಾವನ ಮುಖ ನೋಡಿ, "ಏನ್ ಬೇಕ್ರೀ?" ಎಂದಳು. ಗಿರಾಕಿಗಳನ್ನು ಕೇಳುವ ದನಿಯಲ್ಲೇ.

ಭಾವ ದೊಡ್ಡಪ್ಪನ ಕಡೆ ನೋಡಿದರು. ದೊಡ್ಡಪ್ಪ ಆಕಾಶ ನೋಡಿದರು. ಭಾವನ ಹಿಂದೆ ಆಗಲೇ ಇಬ್ಬರು ಬಂದು ನಿಂತಿದ್ದರು, ಒಬ್ಬನಿಗೆ ಬಸ್ಸಿನ ಅವಸರ. "ಬೇಗ ತಗಳ್ರೀ ಯಜಮಾನ್ರೇ" ಎಂದ.

"ಬಾಳೆಹಣ್ಣು" ಎಂದರು ಭಾವ.

"ಎಷ್ಟು?"

"ಎರಡು ಸಾಕು. ಹಣ್ಣಾಗಿರೋವು ಕೊಡು. ದೂರ ಹೋಗ್ಬೇಕು."

ಅಕ್ಕ ಆರಿಸಿ ಕೊಟ್ಟಳು. ಅವರು ದುಡ್ಡು ಕೊಟ್ಟರು, ಹಣ್ಣು ಚೀಲಕ್ಕೆ ಹಾಕಿಕೊಂಡರು, ಪಕ್ಕಕ್ಕೆ ಸರಿದು ಹಿಂದಿನವನಿಗೆ ಜಾಗ ಬಿಟ್ಟರು. ದೊಡ್ಡಪ್ಪ ಮೀಸೆ ತಿರುವಿ, "ಕೊಟ್ಟಿದ್ದೂ ಆಯ್ತು, ತಗಂಡಿದ್ದೂ ಆಯ್ತು. ಅಂಗಡಿ ಐತಲ್ಲಪ್ಪ, ಮತ್ತೆ ನಾವ್ಯಾಕೆ ಬಂದ್ವಿ?" ಎಂದರು. ಭಾವ ತಲೆಯಾಡಿಸಿದರು. ಇಬ್ಬರೂ ಬಸ್ಸಿನ ಕಡೆ ನಡೆದರು. ನಾನು ಖುಷಿಗೆ ಅಕ್ಕನ ಹತ್ತಿರ ಓಡಿದೆ.

ಅವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅಳುತ್ತಿದ್ದಳು. ಟ್ರಂಕು ಹಿಡಿದು ಬಂದ ದಿನವೂ ಅಳದವಳು.

"ಯಾಕೆ ಅಳ್ತೀಯ? ಹೋದ್ರಲ್ಲ" ಎಂದೆ.

"ಅಲ್ಲ ಕಣೋ, ಬಾಯಿಬಿಟ್ಟು ಹಿಂಗೆ ಹಣ್ಣು ಬೇಕು ಅಂತ ಒಂದು ದಿನ ಅಲ್ಲೇ ಕೇಳಿದ್ರೆ, ನಾನು ಯಾಕಪ್ಪ ಬರ್ತಿದ್ದೆ?"

ಬಸ್ಸು ಹೊರಡುವ ತನಕ ಅತ್ತಳು. ಆಮೇಲೆ ಮೂಗು ಒರೆಸಿಕೊಂಡು, ಕಾಯುತ್ತಿದ್ದವನಿಗೆ ಬೀಡಿ ಕೊಟ್ಟಳು.